ರಸ್ತೆಗೆ ಅಡ್ಡ ಬಂದವರು ಯಾರು?

(ಸಂಘದ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ವಚನ ಸಾಹಿತ್ಯ, ಗಡಿ ಸಮಸ್ಯೆ, ಹೊರನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿ ಮೊದಲಾದ ವಿಷಯಗಳ ಮೇಲೆ ಉಪನ್ಯಾಸಗಳು ನಡೆಯುತ್ತ ಬಂದಿವೆ. ಕಾರ್ಯದರ್ಶಿಗಳು ನನ್ನನ್ನು ಆಹ್ವಾನಿಸಿದಾಗ ನಾನು ಸೂಚಿಸಿದ ವಿಷಯವನ್ನು ಕೇಳಿ ಅವರು ಕ್ಷಣಕಾಲ ಸುಮ್ಮನಾದರು. 'ದನ, ಕುರಿ, ವಾಹನದ ಅಪಘಾತ, ಇದು ನಮ್ಮ ಸಭೆಗೆ ಹೊಂದೀತೆ?' ಎಂದು ಕೇಳಿದರು. ಹೊಂದುತ್ತದೆಂಬುದು ನನ್ನ ಭಾವನೆ. ಇಲ್ಲಿ ಕುಳಿತಿರುವ ನಾವೆಲ್ಲ ವರ್ಷಕ್ಕೆ ಎರಡು ಮೂರು ಸಲ ದೀಪಾವಳಿಗೆಂದೋ ಮದುವೆಗೆಂದೋ ಜಾತ್ರೆಗೆಂದೋ ರಾತ್ರಿ ವಾಹನ ಹತ್ತಿ ಊರಿಗೆ ಧಾವಿಸುವವರು. ಸೊಲ್ಲಾಪುರ ಬಿಟ್ಟು ಭೀಮೆಯನ್ನು ದಾಟಿದೊಡನೆ ನಮ್ಮ ಚಾಲಕನಿಗೆ 'ಇನ್ನು ಸ್ವಲ್ಪ ಜೋರಾಗಿ ನಡೆ' ಎನ್ನುವವರೂ ನಾವೇ. ಆ ರಸ್ತೆಯ ಎರಡೂ ಬದಿಗೆ ದನ ಕಟ್ಟಿಕೊಂಡು ಬದುಕುವವರು ನಮ್ಮ ಅಣ್ಣತಮ್ಮಂದಿರು. ವಾಹನದೊಳಗಿನವರೂ ನಾವು, ಹೊರಗಿನವರೂ ನಮ್ಮವರು. ಈ ವಿಷಯವನ್ನು ನಾವಲ್ಲದೆ ಮತ್ತಾರು ಮಾತನಾಡಬೇಕು?

ನಾನು ಕೇಂದ್ರ ಸರಕಾರದ ಸೇವೆಯಲ್ಲಿರುವವನು. ಇಲ್ಲಿ ಆಡುವ ಮಾತುಗಳು ನನ್ನ ಸ್ವಂತದವು, ಇಲಾಖೆಯವಲ್ಲ. ನಾನು ಓದಿದ್ದು ಧಾರವಾಡದಲ್ಲಿ ಅರ್ಥಶಾಸ್ತ್ರ; ನ್ಯಾಯಶಾಸ್ತ್ರವನ್ನಲ್ಲ. ಕಾನೂನನ್ನು ನಾನು ಓದಿಕೊಂಡದ್ದು ತಡವಾಗಿ, ಒಂದು ತಪ್ಪಿನ ನಂತರ. ಆ ತಪ್ಪನ್ನು ಮೊದಲು ನಿಮ್ಮ ಮುಂದೆ ಇಡುತ್ತೇನೆ.

2003ರ ದೀಪಾವಳಿಯ ಸಮಯ. ಬಾಡಿಗೆಯ ಸುಮೋದಲ್ಲಿ ಹೆಂಡತಿ, ಮಗುವಿನೊಡನೆ ಊರಿಗೆ ಹೊರಟಿದ್ದೆ. ಝಳಕಿ ದಾಟಿದಾಗ ಬೆಳಗಿನ ಜಾವ ನಾಲ್ಕೂವರೆ ಇರಬಹುದು. ಆಗ ಅದು ಎರಡು ವಾಹನಗಳು ಎದುರುಬದರಾಗುವಷ್ಟೇ ಅಗಲದ ದಾರಿ. ದೀಪದ ಬೆಳಕಿನಲ್ಲಿ ನೆಲಕ್ಕೆ ಸಮೀಪವಾಗಿ ನೂರಾರು ಹಸಿರು ಕಿಡಿಗಳು ಹೊಳೆದವು. ಕುರಿಗಳ ಕಣ್ಣು ಎಂದು ತಿಳಿಯುವಷ್ಟರಲ್ಲಿ ಕಂಬಳಿ ಹೊದ್ದ ಮನುಷ್ಯನೊಬ್ಬ ರಸ್ತೆಯ ನಡುವೆ ನಿಂತು ಕೋಲನ್ನು ಅಡ್ಡಲಾಗಿ ಎತ್ತಿ ಹಿಡಿದದ್ದು ಕಾಣಿಸಿತು. ಚಾಲಕ ಬ್ರೇಕು ಹಾಕಿದ. ಆ ಮನುಷ್ಯ ಬದಿಗೆ ಹಾರಿ ಉಳಿದುಕೊಂಡ. ಗಾಡಿಯ ಅಡಿಯಲ್ಲಿ ಎರಡು ಮೂರು ಸಲ ಮೆತ್ತನೆಯ ಸದ್ದಾಯಿತು.

ಒಂದು ಉಸಿರಿನಷ್ಟು ಕಾಲ ವಾಹನ ನಿಂತಿತ್ತು. ಚಾಲಕ ಕನ್ನಡಿಯಲ್ಲಿ ನನ್ನ ಮುಖ ನೋಡಿದ. 'ಸಾಹೇಬ್ರ, ನಿಂತರ ಮಂದಿ ಕೂಡತಾರ. ಗಾಡ್ಯಾಗ ಹೆಣ್ಣಮಕ್ಕಳು ಅದಾರ' ಎಂದ. ನಾನು 'ನಡಿ' ಎಂದೆ.

ನಾಲ್ಕು ದಿನದ ನಂತರ ಹಗಲು ಹೊತ್ತಿನಲ್ಲಿ ಅದೇ ದಾರಿಯಲ್ಲಿ ಹಿಂದಿರುಗುವಾಗ ಆ ಜಾಗದ ಹತ್ತಿರದ ಚಹಾದಂಗಡಿಯಲ್ಲಿ ಇಳಿದೆ. ಯಾರೋ ಹೇಳಿದ್ದನ್ನು ಕೇಳಿದವನಂತೆ ವಿಚಾರಿಸಿದೆ. ಅಂಗಡಿಯವನು, 'ಅವರು ಆವತ್ತ ಹೋದ್ರರಿ ಸಾಹೇಬ್ರ. ಮೂರು ಕುರಿ ಸತ್ತಿದ್ದುವು, ಒಂದು ಗಬ್ಬಿತ್ತು. ಯಾರ ಗಾಡಿ ಅಂತ ನನ್ನ ಕೇಳಿದ್ರು. ನನಗೇನ ಗೊತ್ತರಿ?' ಎಂದ. ನಾನೂ ಹೇಳಲಿಲ್ಲ. ಚಹಾ ಕುಡಿದು ದುಡ್ಡು ಕೊಟ್ಟು ಬಂದೆ.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನಗಳ ಕಾಯಿದೆಯ 132ನೆಯ ಕಲಮಿನಲ್ಲಿ, ಚಾಲಕನು ವಾಹನವನ್ನು ಯಾವಾಗ ನಿಲ್ಲಿಸಲೇಬೇಕು ಎಂಬುದನ್ನು ಹೇಳಿದೆ. ಪ್ರಾಣಿಯನ್ನು ನಡೆಸಿಕೊಂಡು ಹೋಗುತ್ತಿರುವ ವ್ಯಕ್ತಿಯು ತನ್ನ ಪ್ರಾಣಿ ಬೆದರಿ ಕೈಮೀರೀತೆಂಬ ಭಯದಿಂದ ನಿಲ್ಲಿಸು ಎಂದರೆ ನಿಲ್ಲಿಸಬೇಕು. ಅಪಘಾತವಾಗಿದ್ದರೆ, ಹಾನಿಗೊಳಗಾದವನು ಕೇಳಿದಾಗ ತನ್ನ ಹೆಸರು, ವಿಳಾಸ, ವಾಹನದ ಮಾಲಿಕನ ಹೆಸರು, ವಿಳಾಸ ಕೊಡಬೇಕು. ಅಂದರೆ ಆ ಕುರಿಗಾರ ಎತ್ತಿ ಹಿಡಿದ ಕೋಲು ಬರಿಯ ಬೇಡಿಕೆಯಾಗಿರಲಿಲ್ಲ, ಅದಕ್ಕೆ ಕಾನೂನಿನ ಬಲವಿತ್ತು. ಪೋಲಿಸನ ಕೈಗೆ ಇರುವಂಥದೇ ಬಲ. ಇದು ಅವನಿಗೂ ತಿಳಿದಿರಲಾರದು. ಸ್ನಾತಕೋತ್ತರ ಪದವಿ ಪಡೆದ ನನಗೂ ತಿಳಿದಿರಲಿಲ್ಲ.

134ನೆಯ ಕಲಮು ಇನ್ನೂ ಮುಂದೆ ಹೋಗುತ್ತದೆ. ಮನುಷ್ಯನಿಗೆ ಗಾಯವಾದರೆ ಅಥವಾ ಬೇರೆಯವರ ಸ್ವತ್ತಿಗೆ ಹಾನಿಯಾದರೆ, ಚಾಲಕನು ಸಮೀಪದ ಪೋಲೀಸು ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳೊಳಗೆ, ವರದಿ ಮಾಡಬೇಕು. ಜನ ರೊಚ್ಚಿಗೆದ್ದು ಮೈಮೇಲೆ ಬೀಳಬಹುದೆಂಬ ಭಯ ಸುಳ್ಳಲ್ಲ. ಕಾಯಿದೆಯೂ ಗಾಯಾಳುಗಳ ನೆರವಿನ ಮಾತು ಬಂದಾಗ ಆ ಭಯವನ್ನು ಹೆಸರಿಸಿ ಒಪ್ಪಿಕೊಂಡಿದೆ. ಆದರೆ ಭಯಪಟ್ಟು ಮುಂದೆ ಹೋದವನು ಠಾಣೆಗೆ ಹೋಗಬಾರದೆಂದು ಎಲ್ಲಿಯೂ ಹೇಳಿಲ್ಲ. ನಾನು ಆ ದಿನ ಬೆಳಗ್ಗೆ ಆರು ಗಂಟೆಗೆ ಮನೆ ಮುಟ್ಟಿ ಎಣ್ಣೆ ಸ್ನಾನಕ್ಕೆ ಕುಳಿತಿದ್ದೆ.

ಆ 132ನೆಯ ಕಲಮಿನಲ್ಲಿ 'ಪ್ರಾಣಿ' ಎಂದರೆ ಯಾವುದು ಎಂಬ ಪಟ್ಟಿಯೂ ಇದೆ: ಕುದುರೆ, ದನ, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ, ಆಡು. ಅಷ್ಟೆ. ಕುರಿಯ ಹಿಂಡನ್ನು ಕಾಯುವ ನಾಯಿ ಇದರಲ್ಲಿಲ್ಲ. ಜಿಂಕೆ, ನರಿ, ತೋಳಗಳೂ ಇಲ್ಲ. ಸಂತೆಯಲ್ಲಿ ಬೆಲೆಯಿರುವುದು ಮಾತ್ರ ರಸ್ತೆಯಲ್ಲಿ ಪ್ರಾಣಿ. ಆನೆ ಕೂಡ ಯಜಮಾನನ ಜೊತೆಗಿದ್ದರೆ. 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಮುಂಬಯಿ ಉಚ್ಚ ನ್ಯಾಯಾಲಯವೂ ಬೇರೆ ಬೇರೆ ಪ್ರಕರಣಗಳಲ್ಲಿ ಒಂದೇ ನಿರ್ಣಯಕ್ಕೆ ಬಂದವು. ಎರಡರಲ್ಲಿಯೂ ವಾಹನಕ್ಕೆ ಸಿಕ್ಕಿ ಸತ್ತದ್ದು ನಾಯಿ. ದಂಡಸಂಹಿತೆಯ 279ನೆಯ ಕಲಮು, ಅಂದರೆ ದುಡುಕಿನ ಚಾಲನೆಯ ಅಪರಾಧ, ಮನುಷ್ಯರ ಸುರಕ್ಷತೆಗೆ ಸಂಬಂಧಿಸಿದ್ದು, ಪ್ರಾಣಿಗಳಿಗಲ್ಲ ಎಂಬುದು ಆ ನಿರ್ಣಯ. ಪ್ರಾಣಿಯನ್ನು ಕೊಂದು ನಷ್ಟವುಂಟುಮಾಡಿದ ಅಪರಾಧಕ್ಕೆ ಬೇರೆ ಕಲಮುಗಳಿದ್ದವು, 2024ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಲ್ಲಿಯೂ ಇವೆ. ಆದರೆ ಅವುಗಳಿಗೆ ಉದ್ದೇಶ ಅಥವಾ ಅರಿವು ಸಾಬೀತಾಗಬೇಕು. ಅಪಘಾತ ಮಾಡಿದವನಿಗೆ ಉದ್ದೇಶವೆಲ್ಲಿಯದು? ಪ್ರಾಣಿಹಿಂಸೆಯನ್ನು ತಡೆಯುವ 1960ರ ಕಾಯಿದೆಯಲ್ಲಿಯಾದರೋ ಮೊದಲ ಅಪರಾಧಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಈಗ ಆ ಹಣಕ್ಕೆ ಹೆದ್ದಾರಿಯ ಸುಂಕದ ಕಟ್ಟೆಯನ್ನು ದಾಟುವುದೂ ಕಷ್ಟ.

ಇಷ್ಟು ಹೇಳಿದಾಗ ನಿಮ್ಮಲ್ಲಿ ಕೆಲವರಿಗೆ, ಇವನು ಕುರಿಯವರ ಪಕ್ಷ ವಹಿಸಿ ಬಂದಿದ್ದಾನೆ ಎನ್ನಿಸಬಹುದು. 2011ರಲ್ಲಿ ನಾನು ಇನ್ನೊಂದು ಬದಿಗೂ ನಿಂತು ನೋಡಬೇಕಾಯಿತು. ಸಾಯಂಕಾಲ ಹೊಲದಿಂದ ಮರಳುವಾಗ ನಮ್ಮ ಅಣ್ಣನ ಎತ್ತುಗಳಲ್ಲೊಂದಕ್ಕೆ ಲಾರಿ ಬಡಿಯಿತು. ಖಿಲಾರಿ ಜೋಡಿ, ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಅರವತ್ತು ಸಾವಿರ ಕೊಟ್ಟು ತಂದದ್ದು. ಲಾರಿ ಸಿಕ್ಕಿತು, ನಂಬರು ಬರೆದುಕೊಂಡರು, ಪಂಚನಾಮೆಯಾಯಿತು, ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ ಕಾಗದ ಕೊಟ್ಟರು. ಎಲ್ಲ ಕ್ರಮಪ್ರಕಾರ. ನಾನು ರಜೆ ಹಾಕಿ ಹೋಗಿ ವಕೀಲರನ್ನು ಕಂಡೆ. ಅವರು ಪಾಲಿಸಿಯ ಪ್ರತಿಯನ್ನು ನೋಡಿ ನಕ್ಕರು. ಆಗಿದ್ದ ಕಾಯಿದೆಯ ಪ್ರಕಾರ ಬೇರೆಯವರ ಸ್ವತ್ತಿನ ಹಾನಿಗೆ ವಿಮೆಯ ಕಡ್ಡಾಯ ಮಿತಿ ಆರು ಸಾವಿರ ರೂಪಾಯಿ. ಹೆಚ್ಚಿನ ಮೊತ್ತದ ರಕ್ಷಣೆ ಪಡೆಯಲು ಅವಕಾಶವಿತ್ತು. ಆದರೆ ಲಾರಿಯ ಮಾಲಿಕ ಕಂತಿನಲ್ಲಿ ಒಂದಿಷ್ಟು ಉಳಿಸಲು ಅದನ್ನು ಕನಿಷ್ಠ ಮಿತಿಗೆ ಇಳಿಸಿಕೊಂಡಿದ್ದ. ಉಳಿದದ್ದನ್ನು ಅವನಿಂದಲೇ ವಸೂಲು ಮಾಡಬೇಕು, ಮೊಕದ್ದಮೆ ಹೂಡಿ ವರ್ಷಗಟ್ಟಲೆ ಅಲೆಯಬೇಕು. 2019ರ ತಿದ್ದುಪಡಿಯಲ್ಲಿ ಆ ಅಧ್ಯಾಯವನ್ನೇ ಬದಲಾಯಿಸಲಾಯಿತು. ಅಣ್ಣನಿಗೆ ಅದರಿಂದ ಪ್ರಯೋಜನವೇನೂ ಇರಲಿಲ್ಲ.

ಅಣ್ಣ ಕೇಳಿದ ಪ್ರಶ್ನೆಗೆ ವಕೀಲರಲ್ಲಿಯೂ ಉತ್ತರವಿರಲಿಲ್ಲ. 'ತಮ್ಮಾ, ಸತ್ತದ್ದು ಒಂದ ಎತ್ತು ಅಂತ ಬರದಾರ. ಉಳದದ್ದನ್ನ ನಾ ಯಾವುದರ ಜೋಡಿ ಹೂಡಲಿ?' ಬೇಸಾಯ ಬಲ್ಲವರಿಗೆ ಇದರ ಅರ್ಥ ತಿಳಿಯುತ್ತದೆ. ಬಲಕ್ಕೆ ಹೂಡಿ ಪಳಗಿದ ಎತ್ತು ಎಡಕ್ಕೆ ನಡೆಯುವುದಿಲ್ಲ, ಹೊಸ ಜೊತೆಗಾರನನ್ನು ಸುಲಭವಾಗಿ ಒಪ್ಪುವುದೂ ಇಲ್ಲ. ಆ ವರ್ಷ ಹಿಂಗಾರಿ ಜೋಳದ ಬಿತ್ತನೆಯನ್ನು ಅಣ್ಣ ಬಾಡಿಗೆ ಟ್ರ್ಯಾಕ್ಟರಿನಿಂದ ಮಾಡಿಸಿದ. ಮುಂದೆ ಎತ್ತು ಕಟ್ಟಲಿಲ್ಲ. ಲಾರಿಯವನದೂ ಒಂದು ಮಾತಿತ್ತು. ಮುಸ್ಸಂಜೆಯ ಬೆಳಕು, ಎದುರಿನಿಂದ ಬಂದ ಬಸ್ಸಿನ ದೀಪ, ರಸ್ತೆ ಏರುವ ತಿರುವಿನಲ್ಲಿ ಒಮ್ಮೆಲೆ ಎತ್ತು. ಅವನ ಮಾತು ಸುಳ್ಳೆಂದು ನಾನು ಹೇಳಲಾರೆ. ಎಂಟು ವರ್ಷಗಳ ಹಿಂದೆ ಆ ಲಾರಿಯ ಜಾಗದಲ್ಲಿ ನಾನಿದ್ದೆನಲ್ಲ!

ಇದು ಹೊಸ ಜಗಳವೇನಲ್ಲ. ನಮ್ಮ ನ್ಯಾಯಾಲಯಗಳು ಅನುಸರಿಸುತ್ತ ಬಂದ ಇಂಗ್ಲಿಷ್ ನ್ಯಾಯಪದ್ಧತಿಯಲ್ಲಿ 1842ರ ಒಂದು ಪ್ರಸಿದ್ಧ ಮೊಕದ್ದಮೆಯಿದೆ. ಒಬ್ಬಾತ ತನ್ನ ಕತ್ತೆಯ ಮುಂಗಾಲುಗಳನ್ನು ಕಟ್ಟಿ ಸಾರ್ವಜನಿಕ ದಾರಿಯಲ್ಲಿ ಮೇಯಲು ಬಿಟ್ಟಿದ್ದ. ಇನ್ನೊಬ್ಬನ ಬಂಡಿ ವೇಗವಾಗಿ ಬಂದು ಕತ್ತೆಯ ಮೇಲೆ ಹರಿಯಿತು. ಕತ್ತೆಯನ್ನು ಅಲ್ಲಿ ಬಿಟ್ಟದ್ದು ತಪ್ಪಾಗಿದ್ದರೂ, ಅಪಘಾತವನ್ನು ತಪ್ಪಿಸುವ ಕೊನೆಯ ಅವಕಾಶ ಬಂಡಿಯವನ ಕೈಯಲ್ಲಿತ್ತು, ಆದುದರಿಂದ ಅವನೇ ಹೊಣೆ ಎಂದು ತೀರ್ಪಾಯಿತು. ಸುಮಾರು ನೂರು ವರ್ಷಗಳ ನಂತರ, 1947ರಲ್ಲಿ, ಬೇಲಿ ದಾಟಿ ರಸ್ತೆಗೆ ಬಂದ ಪ್ರಾಣಿಯಿಂದ ಅಪಘಾತವಾದರೆ ಪಕ್ಕದ ಹೊಲದ ಒಡೆಯನಿಗೆ ಹೊಣೆಯಿಲ್ಲವೆಂಬ ಹಳೆಯ ನಿಯಮವನ್ನು ಅಲ್ಲಿಯ ಅತ್ಯುನ್ನತ ಪೀಠ ಮತ್ತೆ ಎತ್ತಿಹಿಡಿಯಿತು. ವಾಹನಗಳ ವೇಗ ಬೆಳೆದ ಮೇಲೆ ಅದು ನಡೆಯಲಿಲ್ಲ. 1971ರಲ್ಲಿ ಸಂಸತ್ತು ಕಾಯಿದೆಯ ಮೂಲಕ ಅದನ್ನು ರದ್ದುಗೊಳಿಸಿತು. ಬಂಡಿಯವನ ಕಾಲದಲ್ಲಿ ಬಂಡಿಯವನು ಹೊಣೆ, ಮೋಟಾರಿನ ಕಾಲದಲ್ಲಿ ದನದವನು ಹೊಣೆ ಎಂದು ಭಾರ ನಿಧಾನವಾಗಿ ಸರಿದುಹೋದದ್ದನ್ನು ಇಲ್ಲಿ ಕಾಣಬಹುದು.

ನಮ್ಮಲ್ಲಿ 1871ರ ದನಗಳ ಅತಿಕ್ರಮಣ ಕಾಯಿದೆಯಿತ್ತು, ಅದರಡಿ ಊರೂರಿಗೆ ಕೊಂಡವಾಡವಿತ್ತು. ಮೈಸೂರು ಕಡೆಯವರು ಇದನ್ನು ದೊಡ್ಡಿ ಎನ್ನುತ್ತಾರೆ. ಬಿಡಾಡಿಯಾಗಿ ತಿರುಗಿದ ಎಮ್ಮೆಯನ್ನು ಅಲ್ಲಿಗೆ ಹೊಡೆದರೆ ನಮ್ಮ ತಂದೆ ಒಂದೆರಡು ರೂಪಾಯಿ ದಂಡ ಕಟ್ಟಿ, ದಾರಿಯುದ್ದಕ್ಕೂ ನಮ್ಮನ್ನು ಬೈಯುತ್ತ, ಬಿಡಿಸಿಕೊಂಡು ಬರುತ್ತಿದ್ದುದು ನೆನಪಿದೆ. ನಮ್ಮೂರಿನ ಕೊಂಡವಾಡದಲ್ಲಿ ಈಗ ಪಂಚಾಯಿತಿಯ ಒಡೆದ ನಳದ ಕೊಳವೆಗಳಿವೆ.

ದನ ರಸ್ತೆಗೇಕೆ ಬರುತ್ತದೆ? ಮೇಯಲು ಇದ್ದ ಗಾಯರಾಣ ಭೂಮಿ ಹಂಚಿಹೋಗಿದೆ, ಒತ್ತುವರಿಯಾಗಿದೆ. ಹಸಿರು ಉಳಿದಿರುವುದು ಹೆದ್ದಾರಿಯ ಬದಿಗೆ ಮತ್ತು ನಡುವಿನ ವಿಭಾಜಕದಲ್ಲಿ. ಅಲ್ಲಿ ಟ್ಯಾಂಕರಿನಿಂದ ನೀರುಣಿಸುತ್ತಾರೆ. ಮಳೆಗಾಲದಲ್ಲಿ ಕೊಟ್ಟಿಗೆ, ಬಯಲು ಎಲ್ಲ ಕೆಸರಾದಾಗ ಡಾಂಬರು ಒಣಗಿರುತ್ತದೆ, ಬೆಚ್ಚಗಿರುತ್ತದೆ, ವಾಹನಗಳ ಗಾಳಿಗೆ ನೊಣ, ಸೊಳ್ಳೆ ಕಡಿಮೆ. ದನ ಅಲ್ಲಿ ಮಲಗುವುದು ದಡ್ಡತನದಿಂದಲ್ಲ. ಟ್ರ್ಯಾಕ್ಟರು ಬಂದ ಮೇಲೆ ಹೋರಿಗರುವಿಗೆ ಕೆಲಸವಿಲ್ಲ. ಮಹಾರಾಷ್ಟ್ರದಲ್ಲಿ 2015ರಲ್ಲಿ, ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಗೋಹತ್ಯಾ ನಿಷೇಧದ ಕಾಯಿದೆಗಳ ಬಗ್ಗೆ, ಸೇವೆಯಲ್ಲಿರುವ ನಾನು ಈ ವೇದಿಕೆಯಿಂದ ಅಭಿಪ್ರಾಯ ಹೇಳಬಾರದು. ಮುದಿ ಎತ್ತನ್ನು ಮಾರಲಾಗದ, ಸಾಕಲೂ ಆಗದ ಒಕ್ಕಲಿಗ ಅದನ್ನು ಏನು ಮಾಡುತ್ತಾನೆ ಎಂಬುದನ್ನು ನಿಮ್ಮ ನಿಮ್ಮ ಊರಿನಲ್ಲಿ ವಿಚಾರಿಸಿ ಎಂದಷ್ಟೇ ಹೇಳುತ್ತೇನೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಬಿಡಾಡಿ ದನಗಳ ಸಂಖ್ಯೆ ಸುಮಾರು 50 ಲಕ್ಷ.

ಕುರಿಗಾರರ ಕಥೆಯೇ ಬೇರೆ. ಅವರು ಬಿಡಾಡಿಗಳಲ್ಲ. ನಮ್ಮ ಕುರುಬರೂ ಇಲ್ಲಿಯ ಧನಗರರೂ ಮಳೆ ಮುಗಿದೊಡನೆ ಹಿಂಡು ಹೊಡೆದುಕೊಂಡು ಹೊರಡುವುದು, ರೈತರ ಹೊಲದಲ್ಲಿ ರಾತ್ರಿ ಕುರಿ ತರುಬಿ ಗೊಬ್ಬರ ಕೊಟ್ಟು ಕಾಳು ಪಡೆಯುವುದು ಹೆದ್ದಾರಿಗಳಿಗಿಂತ ಬಹಳ ಹಳೆಯ ವ್ಯವಸ್ಥೆ. ಅವರ ದಾರಿಯ ಮೇಲೆ ನಮ್ಮ ದಾರಿ ಬಂತು. ಅಡ್ಡ ಬಂದವರು ಯಾರು ಎಂದು ಶೀರ್ಷಿಕೆಯಲ್ಲಿ ಕೇಳಿದ್ದು ಇದಕ್ಕಾಗಿ.

ಚಾಲಕನಿಗೆ ಇರುವ ಅವಕಾಶವೆಷ್ಟು ಎಂಬುದನ್ನೂ ಲೆಕ್ಕ ಹಾಕೋಣ. ಲೆಕ್ಕ ನನ್ನ ವೃತ್ತಿ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ವಾಹನ ಸೆಕೆಂಡಿಗೆ 22 ಮೀಟರು ಓಡುತ್ತದೆ. ಕಣ್ಣು ಕಂಡದ್ದನ್ನು ಕಾಲು ಬ್ರೇಕಿಗೆ ತಿಳಿಸುವುದರೊಳಗೆ ಒಂದೂವರೆ ಸೆಕೆಂಡು, ಅಂದರೆ 33 ಮೀಟರು ಹೋಯಿತು. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 35 ಮೀಟರು ಬೇಕು. ಒಟ್ಟು 70ರ ಹತ್ತಿರ. ತಗ್ಗಿಸಿದ ದೀಪದ ಬೆಳಕು ಚೆನ್ನಾಗಿ ಬೀಳುವುದು 40-50 ಮೀಟರು. ಕರಿಯ ಡಾಂಬರಿನ ಮೇಲೆ ಮಲಗಿದ ಕರಿಯ ಎಮ್ಮೆಯನ್ನು ಆ ವೇಗದಲ್ಲಿ ಕಂಡು ನಿಲ್ಲಿಸುವುದು ಅಸಾಧ್ಯ. 50ರ ವೇಗದಲ್ಲಿ 35 ಮೀಟರಿನಲ್ಲಿ ನಿಲ್ಲಬಹುದು. ಹಾಗಿದ್ದರೆ ಆ ರಸ್ತೆಯಲ್ಲಿ ರಾತ್ರಿ 80ರಲ್ಲಿ ಹೋಗುವವನು ಕಂಡು ಓಡಿಸುತ್ತಿಲ್ಲ, ನಂಬಿ ಓಡಿಸುತ್ತಿದ್ದಾನೆ. ದನದ ಕೊರಳಿಗೆ, ಕೋಡಿಗೆ ರೇಡಿಯಂ ಪಟ್ಟಿ ಕಟ್ಟುವ ಕೆಲಸವನ್ನು ಅಲ್ಲಲ್ಲಿ ಪೋಲೀಸರೂ ಸ್ವಯಂಸೇವಕರೂ ಮಾಡಿದ್ದಾರೆ. ಒಳ್ಳೆಯದು, ಅಗ್ಗದ್ದು, ಮಾಡಬೇಕು.

ಆದರೆ ಚಾಲಕ, ದನದವ ಇಬ್ಬರನ್ನೇ ಕಟಕಟೆಯಲ್ಲಿ ನಿಲ್ಲಿಸಿ ವಾದ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಅವರಿಬ್ಬರಿಗೂ ಅಪಾಯ ತಿಳಿಯುವುದು ಕೊನೆಯ ಕ್ಷಣದಲ್ಲಿ. ಮೊದಲೇ, ವರ್ಷಗಳ ಮೊದಲೇ, ತಿಳಿಯಬಹುದಾಗಿದ್ದವನು ಮೂರನೆಯವನು: ರಸ್ತೆಯನ್ನು ಕಾಗದದ ಮೇಲೆ ಎಳೆದವನು. ಅವನ ಬಳಿ ನಕ್ಷೆಯಿರುತ್ತದೆ, ಸಮಯವಿರುತ್ತದೆ, ಹಣವಿರುತ್ತದೆ. ಯೋಜನೆಗೆ ಮೊದಲು ವಾಹನಗಳ ಗಣತಿ ನಡೆಯುತ್ತದೆ. ಆ ಗಣತಿಯಲ್ಲಿ ಒಂದು ಎತ್ತಿನ ಗಾಡಿಯನ್ನು ಆರೆಂಟು ಕಾರುಗಳಿಗೆ ಸಮವೆಂದು ಹಿಡಿಯುತ್ತಾರೆ, ಅಷ್ಟು ದಾರಿ ತಡೆಯುತ್ತದೆಂದು. ಅದೇ ಎತ್ತನ್ನು ಗಾಡಿಯಿಂದ ಬಿಚ್ಚಿ ಹೊಲದಿಂದ ಮನೆಗೆ ನಡೆಸಿಕೊಂಡು ಹೋದರೆ ಅದು ಯಾವ ಕೋಷ್ಟಕದಲ್ಲಿಯೂ ಇಲ್ಲ. ದಾರಿಯುದ್ದಕ್ಕೂ ಓಡುವುದನ್ನು ಎಣಿಸಿದರು, ಅಡ್ಡ ದಾಟುವುದನ್ನು ಎಣಿಸಲಿಲ್ಲ.

ಸೊಲ್ಲಾಪುರ-ವಿಜಯಪುರ ರಸ್ತೆ ಚತುಷ್ಪಥವಾದಾಗ ನಮ್ಮ ಹೊಲ ಎರಡು ಭಾಗವಾಯಿತು. ಭೂಮಿಗೆ ಪರಿಹಾರ ಬಂತು, ಇಲ್ಲವೆನ್ನುವುದಿಲ್ಲ. ಕೆಳಸೇತುವೆಯಿರುವುದು ಒಂದೂವರೆ ಕಿಲೋಮೀಟರು ಆಚೆ. ಮಳೆ ಬಂದರೆ ಅದರಲ್ಲಿ ಮೊಳಕಾಲುದ್ದ ನೀರು. ಊರವರು ವಿಭಾಜಕವನ್ನು ಒಂದು ಕಡೆ ಒಡೆದು ದಾರಿ ಮಾಡಿಕೊಂಡಿದ್ದಾರೆ. ಕಾಗದಪತ್ರಗಳಲ್ಲಿ ಅದಕ್ಕೆ 'ಅನಧಿಕೃತ ತೆರಪು' ಎಂದು ಹೆಸರು. ಅಲ್ಲಿ ಅಪಘಾತವಾದರೆ ತಪ್ಪು ಯಾರದೆಂದು ಆ ಹೆಸರೇ ಮೊದಲು ತೀರ್ಮಾನಿಸಿಬಿಟ್ಟಿದೆ.

ಮಾಡಲಾಗದ ಕೆಲಸವೇ ಇದು? ಪುಣೆಯಲ್ಲಿ ಕುಳಿತವರು ದೂರ ಹುಡುಕಬೇಕಾಗಿಲ್ಲ. ನಾಗಪುರದಿಂದ ಉತ್ತರಕ್ಕೆ ಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿ ಪೇಂಚ್ ಹುಲಿಧಾಮದ ಕಾಡನ್ನು ಹಾಯುವಲ್ಲಿ, ನ್ಯಾಯಾಲಯದ ಮೆಟ್ಟಿಲು ಹತ್ತಿದ ದೀರ್ಘ ವಿವಾದದ ನಂತರ, ಮಹಾರಾಷ್ಟ್ರದ ಭಾಗದಲ್ಲಿ ಪ್ರಾಣಿಗಳು ಹಾಯಲೆಂದೇ ಒಂಬತ್ತು ಕಡೆ ರಸ್ತೆಯನ್ನು ಎತ್ತರಿಸಿದ್ದಾರೆ. 50 ಮೀಟರಿನಿಂದ 750 ಮೀಟರಿನಷ್ಟು ಅಗಲದ ತೆರಪುಗಳು. ಮೇಲೆ ಲಾರಿ ಓಡುತ್ತಿರುವಾಗ ಕೆಳಗೆ ಹುಲಿ ನಡೆದುಹೋಗುವ ಚಿತ್ರಗಳನ್ನು ಕ್ಯಾಮೆರಾಗಳು ಹಿಡಿದಿವೆ. ನಮ್ಮ ಬಂಡೀಪುರದಲ್ಲಿ ಬೇರೆ ಮಾರ್ಗ ಹಿಡಿದರು. ಚಾಮರಾಜನಗರದ ಜಿಲ್ಲಾಧಿಕಾರಿಗಳು 2009ರಲ್ಲಿ ಕೇರಳ, ತಮಿಳುನಾಡುಗಳ ಕಡೆಗೆ ಹೋಗುವ ಎರಡೂ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರವನ್ನು ನಿಷೇಧಿಸಿದರು. 2010ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಇದನ್ನು ಕನ್ನಡ-ಮಲಯಾಳಗಳ ಪ್ರತಿಷ್ಠೆಯ ಪ್ರಶ್ನೆಯಂತೆ ಮಾತನಾಡುವವರಿದ್ದಾರೆ. ವಯನಾಡಿನ ರೋಗಿಗೂ ತರಕಾರಿಯ ವ್ಯಾಪಾರಿಗೂ ಆಗುವ ತೊಂದರೆ ನಿಜವಾದದ್ದು. ಹೊರನಾಡಿನಲ್ಲಿರುವ ನಾವು ಅದನ್ನು ಹಗುರಾಗಿ ಕಾಣಬಾರದು. ತುರ್ತು ವಾಹನಗಳಿಗೆ ವಿನಾಯಿತಿ ಇಟ್ಟು, ಗೋಣಿಕೊಪ್ಪ-ಕುಟ್ಟದ ಸುತ್ತುದಾರಿಯನ್ನು ತೋರಿಸಿ, ಒಂಬತ್ತು ಗಂಟೆಗಳ ಕಾಲ ಮನುಷ್ಯ ಕಾಯಬಲ್ಲ ಎಂದು ಒಂದು ಸರಕಾರ ಹೇಳಿದ್ದು ಮಾತ್ರ ಸಣ್ಣ ಸಂಗತಿಯಲ್ಲ.

ಹುಲಿಗೆ, ಆನೆಗೆ ಕೇಳುವವರಿದ್ದಾರೆ. ಕೇಳಬೇಕಾದದ್ದೇ. ಎಮ್ಮೆಗೆ, ಕುರಿಗೆ, ಅವನ್ನು ನಡೆಸುವವನಿಗೆ ಯಾರಿದ್ದಾರೆ? 2025ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೆದ್ದಾರಿಗಳಿಂದ ಬಿಡಾಡಿ ದನಗಳನ್ನು ತೆರವು ಮಾಡಿ ಆಶ್ರಯತಾಣಗಳಿಗೆ ಸಾಗಿಸಬೇಕೆಂದು ರಾಜ್ಯಗಳಿಗೂ ಹೆದ್ದಾರಿ ಪ್ರಾಧಿಕಾರಕ್ಕೂ ಆದೇಶಿಸಿತು. ಬಿಡಾಡಿ ದನಕ್ಕೆ ಅದು ಪರಿಹಾರವಾದೀತು. ಆದರೆ ಒಡೆಯನಿರುವ, ದಿನಕ್ಕೆರಡು ಸಲ ದಾಟಲೇಬೇಕಾದ ದನವನ್ನು ಎಲ್ಲಿಗೆ ಸಾಗಿಸುವುದು? ಅದರ ಹೊಲ ಆಚೆ, ಕೊಟ್ಟಿಗೆ ಈಚೆ.

ನಮ್ಮ ಸಂಘವು ಈ ಹಿಂದೆ ಊರಿಗೆ ಹೋಗುವ ರಸ್ತೆ ಅಗಲವಾಗಬೇಕೆಂದು ಮನವಿಗಳನ್ನು ಸಲ್ಲಿಸಿದೆ. ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಆಗ ನಮಗೆ ಈ ಮಾತು ಹೊಳೆಯಲಿಲ್ಲ. ಈಗ ಇನ್ನೊಂದು ಮನವಿಯ ಕರಡನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸಿದ್ಧಪಡಿಸಿ ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ದನ, ಕುರಿ ನಿತ್ಯ ದಾಟುವ ಸ್ಥಳಗಳನ್ನು ಊರವರಿಂದ ಕೇಳಿ ಗುರುತಿಸಬೇಕು. ಅಲ್ಲಿ ದೀಪ, ಫಲಕ, ವೇಗಮಿತಿ, ಸಾಧ್ಯವಿದ್ದಲ್ಲಿ ನೀರು ನಿಲ್ಲದ ಕೆಳದಾರಿ ಬೇಕು ಎಂಬುದು ಅದರ ಸಾರಾಂಶ. ಸಹಿ ಮಾಡುವವರು ತಮ್ಮ ಹೆಸರಿನ ಮುಂದೆ ತಮ್ಮ ಊರಿನಲ್ಲಿ ದನ ದಾಟುವ ಜಾಗದ ಹೆಸರನ್ನೂ ಬರೆಯಬೇಕೆಂದು ಕೋರುತ್ತೇನೆ. ತಿಳಿಯದಿದ್ದರೆ ಊರಿಗೆ ಒಂದು ಫೋನು ಮಾಡಿ ಕೇಳಿ. ಮೊದಲನೆಯ ಸಾಲಿನಲ್ಲಿ ನಮ್ಮೂರಿನದನ್ನು ನಾನೇ ಬರೆದಿದ್ದೇನೆ: 'ಹುಣಸೆಮರದ ದಾರಿ' ಎಂದು. ಮರ ಈಗ ಇಲ್ಲ, ರಸ್ತೆ ಅಗಲ ಮಾಡುವಾಗ ಹೋಯಿತು. ದನ ದಾಟುವುದು ಇನ್ನೂ ಅಲ್ಲಿಯೇ.